ಆಗುವುದಿಲ್ಲ ಎಂಬುದನ್ನು ಪಾಮನಕಲ್ಲೂರಿಗೆ ಬಂದು ಹೇಳಿ

ಮಾನ್ಯ ಜಲಸಂಪನ್ಮೂಲ ಸಚಿವರಿಗೆ ಮತ್ತು ಕೃಷ್ಣಾ ಭಾಗ್ಯ ಜಲ ನಿಗಮದ ಹಿರಿಯ ಎಂಜಿನಿಯರುಗಳಿಗೆ,

ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ 2020ರ ನವೆಂಬರಿನಲ್ಲಿ ರೈತರು ಧರಣಿ ಕೂತರು. ನಾರಾಯಣಪುರ ಬಲದಂಡೆ ನಾಲೆಯ 5ಎ ಕಾಲುವೆ ಆಗಬೇಕು ಎಂಬುದು ಅವರ ಬೇಡಿಕೆ. ನೂರು ದಿನ ದಾಟಿದರೂ ಎದ್ದು ಹೋಗಲಿಲ್ಲ. ಅದು ತಾಂತ್ರಿಕವಾಗಿ ಸಾಧ್ಯವಿಲ್ಲ, ನಂದವಾಡಗಿ ಏತ ನೀರಾವರಿಯಿಂದ ಹನಿ ನೀರಾವರಿ ಕೊಡುತ್ತೇವೆ ಎಂದಿತು ಸರ್ಕಾರ. ನಮಗೆ ಹರಿ ನೀರಾವರಿಯೇ ಬೇಕು ಎಂದರು ರೈತರು.

ಕೊಡುತ್ತೇನೆಂದರೂ ಒಲ್ಲೆ ಎನ್ನುವವರು ಹಟಮಾರಿಗಳಾಗಿ ಕಾಣುವುದು ಸಹಜ. ಆದರೆ ಆ ದಿನಗಳಲ್ಲಿ ಮಸ್ಕಿಗೆ ಶಾಸಕರೇ ಇರಲಿಲ್ಲ ಎಂಬುದನ್ನು ನೆನಪಿಸಿಕೊಳ್ಳಿ. 2018ರಲ್ಲಿ 213 ಮತಗಳಿಂದ ಗೆದ್ದಿದ್ದ ಪ್ರತಾಪಗೌಡ ಪಾಟೀಲರು 2019ರಲ್ಲಿ ರಾಜೀನಾಮೆ ಕೊಟ್ಟು ಅನರ್ಹರಾದರು. ಆ ಗೆಲುವಿನ ಮೇಲಿನ ತಕರಾರು ಹೈಕೋರ್ಟಿನಲ್ಲಿದ್ದ ಕಾರಣಕ್ಕೆ ಉಪಚುನಾವಣೆ ಮುಂದೆ ಹೋಗುತ್ತಲೇ ಇತ್ತು. ವಿಧಾನಸಭೆಯಲ್ಲಿ ಎದ್ದು ನಿಂತು ಕೇಳುವವರಿಲ್ಲದ ಕ್ಷೇತ್ರದ ಜನ ರಸ್ತೆ ಬದಿಯಲ್ಲಿ ಕೂತು ಕೇಳಿದರು. 2021ರ ಏಪ್ರಿಲ್ 17ರಂದು ಕೊನೆಗೂ ಮತದಾನವಾದಾಗ ಬಸನಗೌಡ ತುರವಿಹಾಳ 30,606 ಮತಗಳಿಂದ ಗೆದ್ದರು. ಅದಕ್ಕೆ 5ಎ ಒಂದೇ ಕಾರಣ ಎನ್ನಲಾರೆ. ಪಾಟೀಲರ ಪಕ್ಷಾಂತರದ ಮೇಲಿನ ಸಿಟ್ಟೂ ಇತ್ತು. ಎರಡರ ಬೇರು ಒಂದೇ ಎಂದು ನನ್ನ ನಂಬಿಕೆ: ನಮ್ಮನ್ನು ಕೇಳದೆ ನಮ್ಮ ವಿಷಯ ತೀರ್ಮಾನಿಸಿದರು.

ಈ ನೋವನ್ನು ಮನಃಶಾಸ್ತ್ರಜ್ಞರು ದಶಕಗಳಿಂದ ಅಭ್ಯಾಸ ಮಾಡಿದ್ದಾರೆ. ಜನ ಕಾನೂನನ್ನು ಏಕೆ ಪಾಲಿಸುತ್ತಾರೆ ಎಂದು ಷಿಕಾಗೋ ನಗರದ ನಿವಾಸಿಗಳನ್ನು ಕೇಳಿ ಟಾಮ್ ಟೈಲರ್ 1990ರಲ್ಲಿ ಪುಸ್ತಕ ಬರೆದರು. ಪೊಲೀಸರ, ನ್ಯಾಯಾಲಯದ ತೀರ್ಮಾನ ತಮ್ಮ ಪರವಾಯಿತೇ ಎಂಬುದಕ್ಕಿಂತ, ತಮ್ಮ ಮಾತು ಕೇಳಿದರೇ, ಗೌರವದಿಂದ ನಡೆಸಿಕೊಂಡರೇ ಎಂಬುದೇ ಅವರಿಗೆ ಮುಖ್ಯವಾಗಿತ್ತು. ಅದೇ ವರ್ಷ ಲಿಂಡ್, ಕ್ಯಾನ್‌ಫರ್, ಅರ್ಲಿ ಎಂಬವರು ಪ್ರಕಟಿಸಿದ ಪ್ರಯೋಗ ಇನ್ನೂ ಕುತೂಹಲದ್ದು. ತೀರ್ಮಾನಕ್ಕೆ ಮೊದಲು ಮಾತಾಡಲು ಅವಕಾಶ ಸಿಕ್ಕವರಿಗೆ ಅದು ಹೆಚ್ಚು ನ್ಯಾಯವಾಗಿ ಕಂಡಿತು. ಎಲ್ಲ ಮುಗಿದ ಮೇಲೆ ಮಾತಾಡಿದವರಿಗೂ, ಬಾಯಿ ತೆರೆಯಲು ಬಿಡದವರಿಗಿಂತ ಸ್ವಲ್ಪ ಸಮಾಧಾನವಿತ್ತು.

ಇದನ್ನು ನಿಮಗೆ ಹೇಳಲು ನನಗೆ ಭಯವೂ ಇದೆ. ಹಾಗಾದರೆ ಒಂದು ಅಹವಾಲು ಸಭೆ ಮಾಡಿ, ಹಾರ ಹಾಕಿಸಿಕೊಂಡು, ಮನವಿಪತ್ರ ತೆಗೆದುಕೊಂಡು ಹೋದರೆ ಸಾಕಲ್ಲ ಎಂದು ಯಾರಿಗಾದರೂ ಅನಿಸಬಹುದು. ಸಾಲದು. ಒಮ್ಮೆ ಸಮಾಧಾನಗೊಂಡವರು, ಕೇಳಿದ್ದು ನಾಟಕವೆಂದು ತಿಳಿದ ದಿನ ಮೊದಲಿಗಿಂತ ಹೆಚ್ಚು ಕೆರಳುತ್ತಾರೆ, ಮತ್ತು ಅದು ನ್ಯಾಯವಾದ ಸಿಟ್ಟು.

ಅಂಥ ಸಿಟ್ಟು ಹೇಗೆ ಹುಟ್ಟುತ್ತದೆಂದು ತಿಳಿಯಲು ಪಕ್ಕದ ತುಂಗಭದ್ರಾ ಎಡದಂಡೆ ನಾಲೆಯನ್ನೇ ನೋಡಿ. 69ನೇ ಮೈಲಿನ ಗೇಜಿನಲ್ಲಿ ನೀರು ಎಷ್ಟಿದೆ ಎಂಬುದು ಮಾನ್ವಿ, ಸಿರವಾರ, ರಾಯಚೂರು ಕಡೆಯ ರೈತರಿಗೆ ಜೀವನ್ಮರಣದ ಪ್ರಶ್ನೆ. ಮೇಲ್ಭಾಗದಲ್ಲಿ ಅಕ್ರಮವಾಗಿ ನೀರೆತ್ತಿದರೆ ಕೊನೆ ಭಾಗದ ಹೊಲ ಒಣಗುತ್ತದೆ. ಮಳೆ ಕಮ್ಮಿಯಾಗಿ ನೀರು ಬರದಿದ್ದರೆ ಅವರು ಸಹಿಸುತ್ತಾರೆ. ಮೇಲಿನವನ ಗದ್ದೆ ತುಂಬಿರುವಾಗ ಬರದಿದ್ದರೆ ರಸ್ತೆಗಿಳಿಯುತ್ತಾರೆ. ಕೊರತೆ ಎರಡೂ ಕಡೆ ಒಂದೇ, ಅನ್ಯಾಯ ಒಂದರಲ್ಲಿ ಮಾತ್ರ. ಹೀಗಿರುವಾಗ 5ಎಗೆ ನೀರು ಕೊಟ್ಟರೆ ಯಾರ ಪಾಲು ಕಡಿಮೆಯಾಗುತ್ತದೆ ಎಂಬುದನ್ನೂ ಮುಚ್ಚಿಡಬೇಡಿ. ಪಾಲು ಕಳೆದುಕೊಳ್ಳುವ ಆ ಕೆಳಭಾಗದ ರೈತನ ಮಾತಿಗೂ ಪಾಮನಕಲ್ಲೂರಿನವರ ಮಾತಿನಷ್ಟೇ ತೂಕವಿದೆ.

ಆದ್ದರಿಂದ ಪಾಮನಕಲ್ಲೂರಿಗೆ ಬನ್ನಿ. ಸರ್ವೆ ನಕ್ಷೆ, ನೆಲದ ಏರಿಳಿತ, ತಗಲುವ ವೆಚ್ಚ, ಕೃಷ್ಣೆಯ ಪಾಲಿನಲ್ಲಿ ಉಳಿದ ನೀರು, ಎಲ್ಲವನ್ನೂ ತಿಳಿಗನ್ನಡದಲ್ಲಿ ಬರೆದು ಪಂಚಾಯಿತಿ ಗೋಡೆಗೆ ಹಚ್ಚಿ. ಇದೇ ಮಸ್ಕಿಯ ಬಂಡೆಯ ಮೇಲೆ ಅಶೋಕ, ಸಣ್ಣವರಿಗೂ ದೊಡ್ಡವರಿಗೂ ತಿಳಿಸಿ ಎಂದು ಬರೆಸಿದ್ದಾನೆ. ರೈತರು ತಮ್ಮ ಕಡೆಯ ಎಂಜಿನಿಯರ್ ಒಬ್ಬರನ್ನು ಕರೆತಂದರೆ ಅವರಿಗೂ ಕುರ್ಚಿ ಹಾಕಿ. ಕೆಳಭಾಗದ ರೈತರನ್ನೂ ಕರೆಸಿ. ಬಂದ ಒಂದೊಂದು ಆಕ್ಷೇಪಕ್ಕೂ ಬರವಣಿಗೆಯಲ್ಲಿ ಉತ್ತರ ಕೊಡಿ, ಉತ್ತರ ಕೊಟ್ಟವರ ಹೆಸರು, ಹುದ್ದೆ ಅದರ ಕೆಳಗಿರಲಿ. ಕಡತಕ್ಕೆ ಸಹಿ ಬೀಳುವುದು ಅದೆಲ್ಲ ಆದ ಮೇಲೆ.

ಇಂತಿ,
ರಾಯಚೂರು ಜಿಲ್ಲೆಯ ಒಬ್ಬ ಪ್ರಜೆ