ಓನರ್ ಸಾಹೇಬರಿಗೆ ಸಾಲ ಕೊಟ್ಟವನ ಬಿನ್ನಹ

ಗೆ,
ಮನೆ ಓನರ್ ಸಾಹೇಬರ ಸನ್ನಿಧಾನಕ್ಕೆ,
ನೆಲ ಅಂತಸ್ತು, 30×40 ಸೈಟು, ಬೆಂಗಳೂರು.

ವಿಷಯ: ಮನೆ ಖಾಲಿ ಮಾಡಿದ್ದಕ್ಕೆ ಕ್ಷಮೆ ಕೋರಿ, ಅಡ್ವಾನ್ಸಿನ ಬಗ್ಗೆ ಅಂಜುತ್ತಾ ಕೇಳುವ ಕುರಿತು.

ಪೂಜ್ಯರೇ,

ನಾವೆಲ್ಲ ಧಾರವಾಡದಲ್ಲಿ ಕ್ಷೇಮ. ತಮ್ಮ ಕ್ಷೇಮಸಮಾಚಾರವನ್ನು ಫೋನಿನಲ್ಲೇ ಕೇಳಬಹುದಿತ್ತು, ಕೇಳಲು ಯತ್ನಿಸಿದ್ದೂ ಉಂಟು. ಆದರೆ ನಾನು ಬೀಗದ ಕೈ ಒಪ್ಪಿಸಿ ಹೊರಟಂದಿನಿಂದ ತಮ್ಮ ಫೋನು ಮೌನವ್ರತ ಹಿಡಿದಿದೆ. ತಿಂಗಳ ಐದನೇ ತಾರೀಕು ದಾಟಿದರೆ ತಾವಾಗಿಯೇ ಕರೆ ಮಾಡಿ ‘ಊಟ ಆಯ್ತಾ?’ ಎಂದು ಕಳಕಳಿಯಿಂದ ವಿಚಾರಿಸುತ್ತಿದ್ದಿರಿ. ಈಗ ಐದಲ್ಲ, ಇಪ್ಪತ್ತೈದು ದಾಟಿದರೂ ನಮ್ಮ ಊಟದ ಚಿಂತೆ ತಮಗಿಲ್ಲ. ಹಾಗಾಗಿ ಬಹಿರಂಗವಾಗಿ ಬರೆಯುವ ಧೈರ್ಯ ಮಾಡಿದ್ದೇನೆ. ತಮ್ಮ ಕಣ್ಣಿಗೆ ಬೀಳದಿದ್ದರೂ ತಮ್ಮಂಥ ಇನ್ನೊಬ್ಬರ ಕಣ್ಣಿಗಾದರೂ ಬಿದ್ದೀತು. ರಾಜಾಜಿನಗರದಿಂದ ರಾಮಮೂರ್ತಿನಗರದವರೆಗೆ ತಮ್ಮಂಥವರಿಗೇನು ಬರವೇ?

ಮೊದಲಿಗೆ, ನಮ್ಮನ್ನು ಮನೆಗೆ ಸೇರಿಸಿಕೊಂಡ ಉಪಕಾರವನ್ನು ನೆನೆಯಬೇಕು. ಟು-ಲೆಟ್ ಬೋರ್ಡು ನೋಡಿ ಗೇಟಿನ ಬಳಿ ನಿಂತಾಗ ತಾವು ಆಡಿದ ಮೊದಲ ಮಾತು ಇನ್ನೂ ಕಿವಿಯಲ್ಲಿದೆ: ‘ನಾವು ದುಡ್ಡಿಗೋಸ್ಕರ ಮನೆ ಬಾಡಿಗೆಗೆ ಕೊಡ್ತಿಲ್ಲ. ಒಳ್ಳೇ ಜನ ಬೇಕು, ಅಷ್ಟೇ.’ ಎರಡನೆಯ ಮಾತು: ‘ಬಾಡಿಗೆ ಇಪ್ಪತ್ತೈದು, ಅಡ್ವಾನ್ಸ್ ಎರಡೂವರೆ ಲಕ್ಷ.’ ಆಮೇಲೆ ಯಾವ ಕಡೆಯವರು, ಯಾವ ಜನ, ಭಾನುವಾರ ಏನು ಅಡುಗೆ, ನೆಂಟರು ಬಂದರೆ ಎಷ್ಟು ದಿನ ಇರುತ್ತಾರೆ ಎಂದೆಲ್ಲ ಕೂಲಂಕಷವಾಗಿ ವಿಚಾರಿಸಿದಿರಿ. ನನ್ನ ಎರಡೂವರೆ ಲಕ್ಷ ಯಾವ ಜಾತಿಯದು, ಏನು ತಿನ್ನುತ್ತದೆ ಎಂದು ಮಾತ್ರ ಕೇಳಲಿಲ್ಲ. ಅಷ್ಟರ ಮಟ್ಟಿಗಿನ ತಮ್ಮ ವಿಶಾಲ ಮನೋಭಾವಕ್ಕೆ ಶರಣು.

ಆ ಎರಡೂವರೆ ಲಕ್ಷದ ವಿಚಾರಕ್ಕೆ ಬಂದರೆ, ಸಾಹೇಬರೇ, ಲೆಕ್ಕದಲ್ಲಿ ನಾನು ಸ್ವಲ್ಪ ಹಿಂದು. ಆದರೂ ಯಾಕೋ ಅನಿಸುತ್ತದೆ, ಅದು ನಾನು ತಮಗೆ ಕೊಟ್ಟ ಸಾಲ ಅಂತ. ಬಡ್ಡಿಯಿಲ್ಲ, ಅಡಮಾನವಿಲ್ಲ, ಜಾಮೀನಿಲ್ಲ. ಆರು ಪರ್ಸೆಂಟ್ ಹಿಡಿದರೂ ವರ್ಷಕ್ಕೆ 15,000 ರೂಪಾಯಿ ಬಡ್ಡಿಯನ್ನು ತಮ್ಮ ಪಾದಕ್ಕೆ ಬಿಟ್ಟಂತಾಯಿತು. ಲೋಕದಲ್ಲಿ ಸಾಲ ಕೊಟ್ಟವನು ಕುರ್ಚಿಯಲ್ಲಿ ಕೂರುತ್ತಾನೆ, ತೆಗೆದುಕೊಂಡವನು ಕೈಕಟ್ಟಿ ನಿಲ್ಲುತ್ತಾನೆ. ನಮ್ಮಿಬ್ಬರಲ್ಲಿ ಸಾಲ ಪಡೆದ ತಾವು ಉಯ್ಯಾಲೆಯಲ್ಲಿ ತೂಗುತ್ತಿದ್ದಿರಿ. ಸಾಲ ಕೊಟ್ಟ ನಾನು ಚಪ್ಪಲಿ ಹೊರಗೆ ಬಿಟ್ಟು ‘ಸಾರ್, ಗೋಡೆಗೊಂದು ಮೊಳೆ ಹೊಡಕೊಳ್ಳಬಹುದಾ?’ ಎಂದು ಅನುಮತಿ ಬೇಡುತ್ತಿದ್ದೆ. ಸಾಲಗಾರನನ್ನು ಕಂಡರೆ ಹೀಗೆ ನಡುಗುವ ಲೇವಾದೇವಿಗಾರ ಬೆಂಗಳೂರಿನಲ್ಲಲ್ಲದೆ ಇನ್ನೆಲ್ಲಿ ಸಿಕ್ಕಾನು?

ಅಗ್ರಿಮೆಂಟಿನ ಬಗೆಗೂ ಎರಡು ಮಾತು ಹೇಳದಿದ್ದರೆ ಕೃತಘ್ನತೆಯಾದೀತು. ಒಂದು ವರ್ಷ ಮೀರಿದ ಕರಾರನ್ನು ಕಡ್ಡಾಯವಾಗಿ ನೋಂದಾಯಿಸಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಲೆಯುವ ಕಷ್ಟ ನನಗೆ ಬೇಡವೆಂದು ತಾವು ಹನ್ನೊಂದು ತಿಂಗಳಿಗೇ ಬರೆಸಿದಿರಿ, ಪ್ರತಿ ಹನ್ನೊಂದು ತಿಂಗಳಿಗೂ ಹೊಸದಾಗಿ ಬರೆಸಿದಿರಿ, ಪ್ರತಿ ಸಲವೂ ಐದು ಪರ್ಸೆಂಟ್ ಏರಿಸಿದಿರಿ. ಊರಿಗೆಲ್ಲ ವರ್ಷಕ್ಕೊಮ್ಮೆ ಯುಗಾದಿ ಬಂದರೆ ನಮ್ಮ ಬಿಲ್ಡಿಂಗಿಗೆ ಒಂದು ತಿಂಗಳು ಮುಂಚೆಯೇ ಬರುತ್ತಿತ್ತು. ಸ್ಟಾಂಪ್ ಪೇಪರಿನ ಖರ್ಚು, ಟೈಪ್ ಮಾಡಿಸಿದ ಖರ್ಚು ನನ್ನದೇ. ಮೂಲ ಪ್ರತಿ ತಮ್ಮ ಬೀರುವಿನಲ್ಲಿ, ಜೆರಾಕ್ಸ್ ನನಗೆ. ಅದರ ಖರ್ಚೂ ನನ್ನದೇ ಎಂದು ಬೇರೆ ಹೇಳಬೇಕಾಗಿಲ್ಲ.

ಪ್ರಚಾರದ ಹಂಬಲವಿಲ್ಲದ ತಮ್ಮ ಸರಳತೆಯೂ ದೊಡ್ಡದು. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ತೆರಿಗೆ ವಿನಾಯಿತಿಗೆ ಓನರ್ ಪಾನ್ ನಂಬರ್ ಬೇಕು ಎಂದು ನಮ್ಮ ಆಫೀಸಿನವರು ಪೀಡಿಸಿದಾಗ ತಮ್ಮ ಬಳಿ ಓಡಿ ಬಂದೆ. ‘ಅದೆಲ್ಲ ಯಾಕೆ? ಹೋದ ಬಾಡಿಗೆಯವರು ಕೇಳಿರಲಿಲ್ಲ. ನೀವು ಕ್ಯಾಶ್ ಕೊಡಿ ಸಾಕು,’ ಅಂದಿರಿ. ತಮ್ಮ ಆದಾಯ ಗುಪ್ತವಾಗಿರಲೆಂದು ನನ್ನ ತೆರಿಗೆಯನ್ನು ನಾನೇ ಕಟ್ಟಿಕೊಂಡೆ. 2023ರಲ್ಲಿ ಗೃಹಜ್ಯೋತಿ ಬಂತು. 200 ಯೂನಿಟ್‌ವರೆಗೆ ಕರೆಂಟ್ ಉಚಿತ, ಬಾಡಿಗೆದಾರರಿಗೂ ಉಂಟು, ಆರ್‌ಆರ್ ನಂಬರಿಗೆ ಆಧಾರ್ ಜೋಡಿಸಿದರಾಯಿತು ಎಂದರು. ನಮ್ಮ ಪೋರ್ಷನ್ನಿಗೆ ಬೇರೆ ಮೀಟರೇ ಇತ್ತು. ತಾವು ದೂರದೃಷ್ಟಿಯವರು. ‘ಇವತ್ತು ಮೀಟರಿಗೆ ಆಧಾರ್ ಹಾಕ್ತೀರ, ನಾಳೆ ಮನೇನೇ ನಮ್ದು ಅಂತೀರ’ ಎಂದು ಎಚ್ಚರಿಸಿದಿರಿ. ಸರ್ಕಾರ ಬೇಡವೆಂದ ಹಣವನ್ನೂ ನಾನು ತಿಂಗಳು ತಿಂಗಳು ಕಟ್ಟಿ, ತಮ್ಮ ಆಸ್ತಿಯನ್ನು ನನ್ನಿಂದ ಕಾಪಾಡಿದೆ.

ನೀರಿನ ವಿಷಯದಲ್ಲಂತೂ ತಾವು ಮಾಡಿದ ಉಪಕಾರ ಬರೆದಷ್ಟೂ ಇದೆ. ತೊರೆಕಾಡನಹಳ್ಳಿಯಿಂದ ಹೊರಟ ಕಾವೇರಿ ಹಾರೋಹಳ್ಳಿಯಲ್ಲೊಮ್ಮೆ, ತಾತಗುಣಿಯಲ್ಲೊಮ್ಮೆ ಮೇಲಕ್ಕೆತ್ತಿಸಿಕೊಂಡು, ನೂರು ಕಿಲೋಮೀಟರ್ ಆಸುಪಾಸು ಏರುಹಾದಿ ನಡೆದು ಬೆಂಗಳೂರಿಗೆ ಬರುತ್ತಾಳೆ. ಅಷ್ಟು ದೂರ ಬಂದ ತಾಯಿಗೆ ತಮ್ಮ ಸಂಪಿನಿಂದ ನಮ್ಮ ಎರಡನೇ ಮಹಡಿಗೆ ಹತ್ತಲು ಮಾತ್ರ ಆಗುತ್ತಿರಲಿಲ್ಲ. ಮೋಟರಿನ ಸ್ವಿಚ್ಚು ತಮ್ಮ ಅಡುಗೆಮನೆಯಲ್ಲಿತ್ತು, ತಮ್ಮ ಮನೆಯವರು ಸೀರಿಯಲ್ ನೋಡುವ ಹೊತ್ತಿಗೆ ಅದು ವಿಶ್ರಾಂತಿಯಲ್ಲಿರುತ್ತಿತ್ತು. ಸೋಪು ಹಚ್ಚಿಕೊಂಡ ತಲೆಯಲ್ಲೇ ಮೆಟ್ಟಿಲಿಳಿದು ಬಂದು ಕಾಲಿಂಗ್ ಬೆಲ್ ಒತ್ತುವ ವ್ಯಾಯಾಮ ನನಗೆ ದಕ್ಕಿದ್ದು ತಮ್ಮ ಕೃಪೆಯಿಂದಲೇ. 2024ರ ಮಾರ್ಚಿನಲ್ಲಿ ಊರಿಗೆ ಊರೇ ಟ್ಯಾಂಕರಿನ ಹಿಂದೆ ಬಿದ್ದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ತಾವು ಕಾನೂನಿಗೆ ತಲೆಬಾಗುವವರು. ಅಂದಿನಿಂದ ಬೆಳಕು ಹರಿಯುವ ಮೊದಲೇ ತೊಳೆದು ಮುಗಿಸತೊಡಗಿದಿರಿ. ಟ್ಯಾಂಕರ್ ದುಡ್ಡನ್ನು ಪೋರ್ಷನ್ನುಗಳಿಗೆ ಸಮನಾಗಿ ಹಂಚಿದಿರಿ, ಕಾರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದು ಮನೆಯ ಮಗು ಇದ್ದಂತಲ್ಲವೇ?

ಈಗ ಮನೆ ಖಾಲಿ ಮಾಡಿದ ದಿನಕ್ಕೆ ಬರುತ್ತೇನೆ. ಹೆಂಡತಿಗೆ ಧಾರವಾಡದ ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದು, ಎರಡು ತಿಂಗಳು ಮುಂಚೆಯೇ ನೋಟಿಸು ಕೊಟ್ಟದ್ದು ತಮಗೆ ತಿಳಿದದ್ದೇ. ಸಾಮಾನೆಲ್ಲ ಲಾರಿಗೆ ಏರಿದ ಮೇಲೆ ತಾವು ಕನ್ನಡಕ ಒರೆಸಿಕೊಂಡು, ಹಳೇ ಡೈರಿ ಹಿಡಿದು ಮೇಲೆ ದಯಮಾಡಿಸಿದಿರಿ. ಮೊಬೈಲ್ ಟಾರ್ಚು ಹಾಕಿ ಗೋಡೆ ಗೋಡೆಗೂ ಮುಖ ಹತ್ತಿರ ಹಿಡಿದಿರಿ. ಮೊಳೆ ತೂತು ಕಂಡಲ್ಲೆಲ್ಲ ಕಿರುಬೆರಳ ತುದಿ ಇಟ್ಟು ಆಳ ನೋಡಿ ಡೈರಿಯಲ್ಲಿ ಒಂದೊಂದು ಗೀಟು ಎಳೆದಿರಿ. ಎಲ್ಲ ಸ್ವಿಚ್ಚನ್ನೂ ಒತ್ತಿದಿರಿ, ಎಲ್ಲ ನಲ್ಲಿಯನ್ನೂ ತಿರುಗಿಸಿದಿರಿ. ಅಂದು ಮೋಟರ್ ಹಾಕಿಯೇ ಮೇಲೆ ಬಂದಿದ್ದಿರಿ, ನೀರು ಧಾರಾಕಾರ ಸುರಿಯಿತು. ಬಚ್ಚಲಿನ ಬಾಗಿಲ ಬುಡವನ್ನು ಉಗುರಿನಿಂದ ಕೆರೆದು ‘ನೀರು ಕುಡಿದಿದೆ’ ಎಂದು ಬರೆದುಕೊಂಡಿರಿ. ನಾವು ಬರುವಾಗಲೇ ಅದು ಕುಡಿದಿತ್ತು ಎಂದು ಹೇಳಲು ಬಾಯಿ ತೆರೆದೆ. ‘ಬಂದಾಗ ಹೇಳ್ಬೇಕಿತ್ತು’ ಅಂದಿರಿ. ಬಂದಾಗ ಹೇಳಿದ್ದೆ. ಆಗ ತಾವು ಅಂದದ್ದು, ‘ಹೋಗುವಾಗ ನೋಡೋಣ.’

ಕೊನೆಗೆ ಡೈರಿ ಮುಚ್ಚಿ, ‘ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ, ಹಳೇ ಲೆಕ್ಕದಲ್ಲೇ ಇಪ್ಪತ್ತೈದು, ಮುರ್ಕೋತೀನಿ. ಅದು ಎಲ್ಲಾ ಕಡೆ ಇರೋದೇ’ ಎಂದು ತೀರ್ಪಿತ್ತಿರಿ. ಅದು ನನಗೂ ಗೊತ್ತು ಸ್ವಾಮಿ. ನನಗಿಂತ ಮೊದಲಿದ್ದವರಿಂದಲೂ ಪೇಂಟಿಂಗಿಗೆಂದು ಮುರಿದುಕೊಂಡಿದ್ದಿರಂತೆ. ಆದರೂ ನಾವು ಕಾಲಿಟ್ಟ ದಿನ ಹಾಲ್‌ನ ಗೋಡೆಯ ಮೇಲೆ ಅವರ ಮಗು ಬಳಪದಲ್ಲಿ ಬರೆದ ‘ಅ ಆ ಇ ಈ’ ಹಾಗೇ ಇತ್ತು. ಬಣ್ಣದ ಹಣ ಕೊಟ್ಟದ್ದು ಅವರು, ಬಣ್ಣ ಹೊಡೆಸಿದ್ದು ನಾನು. ಈಗ ನಾನು ಹೊಡೆಸಿದ ಬಣ್ಣಕ್ಕೆ ಮತ್ತೆ ನಾನೇ ಕೊಡುತ್ತಿದ್ದೇನೆ. ಕಲೆಯ ಪೋಷಣೆಗೆ ಇಷ್ಟಾದರೂ ಮಾಡದಿದ್ದರೆ ಹೇಗೆ?

ಉಳಿದ 2,25,000 ಎಂದು ತೊದಲಿದಾಗ ತಾವು ಪ್ರೀತಿಯಿಂದ ಹೆಗಲ ಮೇಲೆ ಕೈಯಿಟ್ಟಿರಿ. ‘ಎಲ್ಲಿಗೆ ಹೋಗತ್ತೆ ನಿಮ್ಮ ದುಡ್ಡು? ಹೊಸಬರು ಬರ್ಲಿ, ಅವರ ಅಡ್ವಾನ್ಸ್ ಬಂದ ತಕ್ಷಣ ಕೊಡ್ತೀನಿ.’ ಲಾರಿಯಲ್ಲಿ ಕೂತು ತುಮಕೂರು ದಾಟುವವರೆಗೂ ಆ ಮಾತನ್ನೇ ಮೆಲುಕು ಹಾಕಿದೆ. ಹಾಗಾದರೆ ನನ್ನ ಎರಡೂವರೆ ಲಕ್ಷ ಹೋದದ್ದು ನನಗಿಂತ ಮೊದಲಿದ್ದವರಿಗೆ. ಅವರದು ಹೋದದ್ದು ಅವರಿಗಿಂತ ಮೊದಲಿದ್ದವರಿಗೆ. ಇದು ಮನೆ ಬಾಡಿಗೆಯಲ್ಲ, ಚೀಟಿ ವ್ಯವಹಾರ. ಮೊದಲ ಚೀಟಿ ಎತ್ತಿದವರು ತಾವು, ಆಮೇಲೆ ಕಂತು ಕಟ್ಟುವವರೆಲ್ಲ ನಾವು. ಆ ಮೊಟ್ಟಮೊದಲ ಬಾಡಿಗೆದಾರನ ಅಡ್ವಾನ್ಸು ತಮ್ಮ ಮೂರನೇ ಮಹಡಿಯ ಮೋಲ್ಡಿನಲ್ಲಿ ಕಂಬಿ, ಸಿಮೆಂಟಾಗಿ ಕೂತಿದೆ. ಅದನ್ನು ವಾಪಸ್ ಕೇಳುವುದು ಮಹಡಿಯನ್ನೇ ಕೆಡವಿ ಎಂದಂತೆ. ಅಂಥ ಉದ್ಧಟತನ ನನ್ನಿಂದಾಗದು.

ಕೋರ್ಟು ಕಾನೂನು ಎಂದು ಬೆದರಿಸುವವನೂ ನಾನಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಬಾಡಿಗೆ ಕಾಯ್ದೆ ತಂದು, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಕೂಡದು, ಮನೆ ಖಾಲಿಯಾಗಿ ಕೈಗೆ ಬಂದ ದಿನವೇ ಬಾಕಿ ಮುರಿದುಕೊಂಡು ಉಳಿದದ್ದನ್ನು ಮರಳಿಸಬೇಕು ಎಂದಿತು. ತಾವು ಗಾಬರಿಯಾಗಬೇಡಿ. ಅದು ಬರೀ ಮಾದರಿ; ರಾಜ್ಯ ತಾನೇ ಕಾನೂನು ಮಾಡಿಕೊಳ್ಳುವವರೆಗೆ ಅದು ತಮ್ಮ ಗೇಟು ದಾಟುವುದಿಲ್ಲ. ನಮ್ಮದೇ 1999ರ ಕರ್ನಾಟಕ ಬಾಡಿಗೆ ಕಾಯ್ದೆಯೋ, ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳ ತಂಟೆಗೇ ಹೋಗುವುದಿಲ್ಲ. ಆ ದುಡ್ಡಿಗೆ ಇವತ್ತು ತಮ್ಮ ಕಾರು ನಿಲ್ಲುವ ಜಾಗವೂ ಸಿಗದು. ಒಟ್ಟಿನಲ್ಲಿ ತಾವು ನಿಶ್ಚಿಂತರು. ಸಿವಿಲ್ ದಾವೆ ಹೂಡಬಹುದು, ನಿಜ. ಅದು ಮುಗಿಯುವ ಹೊತ್ತಿಗೆ ನನ್ನ ಮಗಳು ತಮ್ಮ ಮೊಮ್ಮಗನ ಬಳಿ ಅಡ್ವಾನ್ಸ್ ಕೇಳಬೇಕಾದೀತು.

ಇಲ್ಲಿ ಧಾರವಾಡದಲ್ಲಿ ವ್ಯವಹಾರಜ್ಞಾನ ಅಷ್ಟಾಗಿ ಬೆಳೆದಿಲ್ಲ. ಸಾಧನಕೇರಿ ಕಡೆ ಮನೆ ನೋಡಲು ಹೋದರೆ ಮಾಲಕರು ಮೊದಲು ಚಹಾ ಕೊಟ್ಟರು. ‘ಅಡ್ವಾನ್ಸ್ ಎಷ್ಟು ಕೊಡಬೇಕು?’ ಎಂದು ಉಸಿರು ಬಿಗಿಹಿಡಿದು ಕೇಳಿದೆ. ‘ಎರಡ ತಿಂಗಳದ್ದ ಕೊಡ್ರಿ, ಸಾಕು’ ಅಂದರು. ಬೆಂಗಳೂರಿನಲ್ಲಿ ಹತ್ತು ತಿಂಗಳದ್ದು ಕೊಟ್ಟಿದ್ದೆ ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ‘ಹತ್ತ ತಿಂಗಳದ್ದ? ಬಾಡಗಿಗೆ ಇದ್ರೋ, ಮನೀನ ಖರೀದಿ ಮಾಡಿದ್ರೋ?’ ಎಂದು ಅವರು ನಕ್ಕದ್ದು ತಮಗಾದ ಅವಮಾನವೆಂದು ನಾನು ತಲೆತಗ್ಗಿಸಿದೆ. ಊರೇನೂ ಸ್ವರ್ಗವಲ್ಲ. ‘ನೀರಿಂದ ಮೊದಲ ಹೇಳಿಬಿಡ್ತೀನ್ರಿ, ನಳ ದಿನಾ ಬರಂಗಿಲ್ಲ. ಬಂದಾಗ ತುಂಬಿಸಿ ಇಟ್ಕೋಬೇಕು. ಕೊಡ ಕಡಿಮಿ ಬಿದ್ರ ನಮ್ಮ ಕಡೆ ಇಸ್ಕೋರಿ’ ಎಂದರು. ನೋಡಿ, ಬಾಡಿಗೆ ಹಿಡಿಯುವ ಮೊದಲೇ ಮನೆಯ ದೋಷ ಹೇಳುವಷ್ಟು ಅಮಾಯಕರು! ತಾವೊಮ್ಮೆ ವಂದೇ ಭಾರತ್ ಹತ್ತಿ ಬಂದು ಇವರಿಗೊಂದು ತರಬೇತಿ ಕೊಡಬೇಕು. ಪೇಡೆಯ ಖರ್ಚು ನನ್ನದು. ಅದನ್ನು ಅಡ್ವಾನ್ಸಿನಲ್ಲಿ ಮುರಿದುಕೊಂಡರೂ ಬೇಸರವಿಲ್ಲ.

ಇನ್ನು ನನ್ನ ವಿನಮ್ರ ಕೋರಿಕೆಗಳು. ಬಚ್ಚಲ ಬಾಗಿಲನ್ನು ಬದಲಿಸಬೇಡಿ. ಅದು ನೀರು ಕುಡಿದಷ್ಟೂ ತಮಗೆ ಆದಾಯ, ಮುಂದಿನವರೂ ಅದಕ್ಕೆ ದಂಡ ತೆರುವ ಭಾಗ್ಯ ಪಡೆಯಲಿ. ಗೋಡೆಗೆ ಬಣ್ಣವನ್ನೂ ಹೊಡೆಸಬೇಡಿ. ಹೇಗೂ ಹೊಡೆಸುವುದಿಲ್ಲ ಎಂಬ ನಂಬಿಕೆಯಿದೆ. ಹೊಸಬರು ಬಂದಾಗ ‘ಒಳ್ಳೇ ಜನ ಬೇಕು, ಅಷ್ಟೇ’ ಎಂಬ ಮಾತನ್ನು ಮರೆಯದೆ ಹೇಳಿ. ಅದನ್ನು ಕೇಳಿದ ಯಾರಿಗೂ ಇಲ್ಲ ಎನ್ನಲು ಮನಸ್ಸಾಗದು.

ಕೊನೆಯದೊಂದಿದೆ. ಅವರು ಅಡ್ವಾನ್ಸ್ ಕೊಡಲು ಬಂದ ದಿನ ಈ ಪತ್ರವನ್ನೂ ನನ್ನ ಖಾತೆಯ ನಂಬರನ್ನೂ ಅವರ ಕೈಗೆ ಕೊಡಿ. ತಾವು ಹೇಳಿದ ಪ್ರಕಾರ ಅದರಲ್ಲಿ 2,25,000 ನನ್ನದೇ ತಾನೇ? ನೇರವಾಗಿ ಧಾರವಾಡಕ್ಕೇ ಕಳಿಸಿದರೆ ತಮಗೆ ಎಣಿಸುವ ಶ್ರಮ ತಪ್ಪುತ್ತದೆ, ಫೋನೆತ್ತದೆ ಇರುವ ಶ್ರಮವೂ ತಪ್ಪುತ್ತದೆ. ಅವರ ದುಡ್ಡು ಯಾರಿಂದ ವಾಪಸ್ ಬರುತ್ತದೆ ಎಂದು ಕೇಳಿದರೆ ಹೆಗಲ ಮೇಲೆ ಕೈಯಿಟ್ಟು ಹೇಳಿ, ಅವರ ನಂತರದವರಿಂದ ಎಂದು.

ಇತಿ ತಮ್ಮ ಆಜ್ಞಾಧಾರಕ,
ಎರಡನೇ ಮಹಡಿ, ಹಿಂದಿನ ಪೋರ್ಷನ್

ತಾ.ಕ.: ಬಡ್ಡಿಯ ಮಾತನ್ನು ತಮಾಷೆಗೆ ಆಡಿದ್ದು. ಅಸಲಿನ ಮಾತು ತಮಾಷೆಗಲ್ಲ.