ಟೈಮ್‌ಟೇಬಲ್‌ನ ಆಟಗಾರ

(ಬಹ್ರೇನಿನ ಬುಸೈತೀನ್. ಶುಕ್ರವಾರ ಸಂಜೆ. ಒಂದನೇ ಮಹಡಿಗೆ ಹೋಗಲು ಲಿಫ್ಟ್ ಕಾಯುತ್ತಿರುವ ಇಬ್ಬರು ಮಂಗಳೂರಿನವರು.)

ರಾಯರು: ಶೆಟ್ರೇ, ಮಗಳು ಫುಟ್‌ಬಾಲ್‌ಗೆ ಸೇರ್ತಾಳಂತೆ?

ಶೆಟ್ರು: ಸೇರಲಿ ಮಾರಾಯ್ರೇ. ನಮ್ಮ ಬುಸೈತೀನ್ ಕ್ಲಬ್ಬು 2012-13ರಲ್ಲಿ ಬಹ್ರೇನ್ ಪ್ರೀಮಿಯರ್ ಲೀಗನ್ನೇ ಗೆದ್ದದ್ದುಂಟು!

ರಾಯರು: ಗೆದ್ದವರಿಗೆ ನೀಟ್‌ನಲ್ಲಿ ಗ್ರೇಸ್ ಮಾರ್ಕ್ಸ್ ಉಂಟಾ? ಇಲ್ಲೇ ಆರ್‌ಸಿಎಸ್‌ಐ ಮೆಡಿಕಲ್ ಯೂನಿವರ್ಸಿಟಿ ಉಂಟಲ್ಲ, ಮಗನಿಗೆ ದಿನಾ ಬಾಲ್ಕನಿಯಿಂದ ಅದನ್ನೇ ತೋರಿಸ್ತೇನೆ.

ಶೆಟ್ರು: ಅವನಿಗೆ ಆಟ ಬೇಡವಾ?

ರಾಯರು: ಇಲ್ಲದೆ ಏನು? 2018ರಲ್ಲೇ ಸಿಬಿಎಸ್‌ಇ ಒಂಬತ್ತರಿಂದ ಹನ್ನೆರಡನೇ ತರಗತಿಗೆ ದಿನಕ್ಕೊಂದು ಆಟದ ಪೀರಿಯಡ್ ಕಡ್ಡಾಯ ಮಾಡಿತು. ಟೈಮ್‌ಟೇಬಲ್‌ನಲ್ಲಿ ಅಂದವಾಗಿ ಅಚ್ಚಾಗಿದೆ. ಆ ಹೊತ್ತಿಗೆ ಗಣಿತದ ಮೇಷ್ಟ್ರು ಬರ್ತಾರೆ.

ಶೆಟ್ರು: ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳು ದಿನಕ್ಕೆ 60 ನಿಮಿಷವಾದರೂ ಮೈ ದಣಿಸಬೇಕು ಅಂತದೆ.

ರಾಯರು: ಬ್ಯಾಗ್ ಹೊತ್ತೇ ದಣೀತಾನೆ, ಪಾಪ.

(ಲಿಫ್ಟ್ ಬಂತು. ಇಬ್ಬರಿಗಿಂತ ಮೊದಲು ಇಬ್ಬರ ಹೊಟ್ಟೆಗಳು ಒಳಹೊಕ್ಕವು.)

ಶೆಟ್ರು: ಸ್ಪೋರ್ಟ್ಸ್ ಡೇಗಾದರೂ ಓಡಿದನಾ?

ರಾಯರು: ದಪ್ಪಗಿದ್ದಾನೆಂದು ಯಾರೂ ಟೀಮಿಗೆ ಸೇರಿಸಲಿಲ್ಲ, ಸ್ಕೋರ್ ಬರೆದ. ಆದರೆ ಸರ್ಕ್ಯುಲರ್‌ನಲ್ಲಿ ‘ಎಲ್ಲರನ್ನೂ ಒಳಗೊಂಡ ಕ್ರೀಡಾಕೂಟ’ ಅಂತಲೇ ಇತ್ತು. ಸುಳ್ಳಲ್ಲ ನೋಡಿ, ಗೇಟು ಹಾಕಿದ್ದರು, ಎಲ್ಲರೂ ಒಳಗೇ ಇದ್ರು!

ಶೆಟ್ರು: ಹೆಣ್ಣುಮಕ್ಕಳು?

ರಾಯರು: ಸ್ವಾಗತ ನೃತ್ಯ ಮಾಡಿದರು.

ಶೆಟ್ರು: 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನ್‌ಫ್ರೆಡ್ ಯಾವಿ ಬಹ್ರೇನಿಗೆ ಸ್ಟೀಪಲ್‌ಚೇಸ್ ಚಿನ್ನ ತಂದಳು, ಗೊತ್ತುಂಟಾ?

ರಾಯರು: ಹೌದಾ? ಜನರಲ್ ನಾಲೆಡ್ಜಿಗೆ ಬರಬಹುದು, ಮಗನಿಗೆ ಬಾಯಿಪಾಠ ಮಾಡಿಸ್ತೇನೆ. ಅಂದಹಾಗೆ, ಆ ಫುಟ್‌ಬಾಲ್ ಕೋಚಿಂಗ್ ಆನ್‌ಲೈನಲ್ಲೂ ಉಂಟಾ?