ಆಗಮನಾಭಿಲಾಷಿಗಳ ಟ್ಯಾಂಕು

ಕಾಗದದ ಟ್ಯಾಂಕು ಕಟ್ಟಲು ಕೂತವರ ಮನೆಯಲ್ಲಿ ಏಪ್ರಿಲ್ ತಿಂಗಳಲ್ಲೂ ಫ್ಯಾನು ತಿರುಗುವಂತಿಲ್ಲ. ತಿರುಗಿತೋ, ಕತ್ತರಿಸಿಟ್ಟ ಚಕ್ರಗಳೆಲ್ಲ ಹಾರಿ ಮಂಚದಡಿ ಸೇರುತ್ತವೆ. "ರೀ, ಸೆಕೆಗೆ ಪ್ರಾಣ ಹೋಗ್ತಿದೆ, ನಿಮ್ಮ ಯುದ್ಧ ಯಾವಾಗ ಮುಗಿಯುತ್ತೆ?" ಎಂದು ಹೆಂಡತಿ ಕೇಳುತ್ತಾಳೆ. ಎರಡನೇ ಮಹಾಯುದ್ಧಕ್ಕೇ ಆರು ವರ್ಷ ಹಿಡಿಯಿತು ಎನ್ನುವಷ್ಟು ಧೈರ್ಯ ನನಗಿಲ್ಲ.

ನಾನು ಹಿಡಿದದ್ದು ಅಮೆರಿಕದ ಸ್ಟುವರ್ಟ್ ಎಂಬ ಹಗುರ ಟ್ಯಾಂಕು. ಹಗುರ ಎನ್ನುವುದು ಸೈನ್ಯದವರ ಲೆಕ್ಕ. ಅಸಲಿ ಗಾಡಿ ಸುಮಾರು 15 ಟನ್ ತೂಗುತ್ತಿತ್ತು, ನಾಲ್ಕು ಜನ ಒಳಗೆ ಕೂರುತ್ತಿದ್ದರು. ಅದೇ 1:25ರ ಅಳತೆಗೆ ಇಳಿದರೆ ಉದ್ದ ಹೆಚ್ಚುಕಡಿಮೆ 19 ಸೆಂ.ಮೀ., ತೂಕ ಒಂದು ಕಟ್ಟು ಹಪ್ಪಳದಷ್ಟು.

ಮಡಿಚುವ ಗೆರೆಯ ಮೇಲೆ ಮೊದಲು ಇಂಕು ಮುಗಿದ ಬಾಲ್‌ಪೆನ್ನು ಎಳೆಯಬೇಕು, ಇಲ್ಲದಿದ್ದರೆ ಉಕ್ಕಿನ ಅಂಚು ಸೊಟ್ಟಗಾಗುತ್ತದೆ. ಕತ್ತರಿಸಿದ ಕಡೆಯೆಲ್ಲ ಕಾಗದದ ಬಿಳುಪು ಹಲ್ಲುಕಿರಿಯುವುದರಿಂದ ಅಲ್ಲಿಗೆ ಹಸಿರು ಬಣ್ಣ ತೀಡಬೇಕು. 37 ಮಿ.ಮೀ. ತೋಪಿನ ನಳಿಗೆಯನ್ನು ಊದುಬತ್ತಿ ಕಡ್ಡಿಗೆ ಕಾಗದ ಸುತ್ತಿ ಮಾಡಿದೆ. ಶ್ರೀಗಂಧದ ಪರಿಮಳ ಬೀರುವ ತೋಪು ಯಾವ ಸೈನ್ಯದಲ್ಲೂ ಇರಲಿಕ್ಕಿಲ್ಲ. ಇನ್ನು ಸರಪಳಿ ಪಟ್ಟಿ. ಒಂದೊಂದು ಕೊಂಡಿಯನ್ನೂ ಬೇರೆಬೇರೆ ಕತ್ತರಿಸಿ ಅಂಟಿಸುವ ಆ ಕೆಲಸ ಹಿಡಿದ ಮೇಲೆ, ರಾಮಕೋಟಿ ಬರೆಯುವವರನ್ನು ಕಂಡರೆ ನನಗೆ ಗೌರವ ದುಪ್ಪಟ್ಟಾಗಿದೆ.

ಕವಚಕ್ಕೆ ಒಳಗಿನಿಂದ ದಪ್ಪ ರಟ್ಟಿನ ಆಸರೆ ಬೇಕು. ಅಂಗಡಿಯ ರಟ್ಟಿಗೆ ಯಾಕೆ ದುಡ್ಡು ಸುರಿಯಬೇಕು? ನಮ್ಮ ಮನೆಯ ಬೀರುವಿನಲ್ಲಿ ಲಗ್ನಪತ್ರಿಕೆಗಳಿಗೆ ಬರವಿಲ್ಲ. ಈಚಿನ ಪತ್ರಿಕೆಗಳಂತೂ ಗುಂಡು ತಡೆಯುವಷ್ಟು ದಪ್ಪ. ಹಾಗಾಗಿ ನನ್ನ ಸ್ಟುವರ್ಟ್‌ನ ಹೊರಗೆ ಅಮೆರಿಕ, ಒಳಗೆ "ತಮ್ಮ ಆಗಮನಾಭಿಲಾಷಿಗಳು". ಮದ್ದುಗುಂಡು ಇಡುವ ಜಾಗದಲ್ಲಿ "ಆಶೀರ್ವಾದವೇ ಉಡುಗೊರೆ".

ಇಷ್ಟೆಲ್ಲ ಟ್ಯಾಂಕುಗಳಿರುವಾಗ ಇದೇ ಯಾಕೆ ಅಂದರೆ, ಜೋಜಿ ಲಾ. 1948ರಲ್ಲಿ ನಮ್ಮ 7ನೇ ಅಶ್ವದಳದ ಸ್ಟುವರ್ಟ್‌ಗಳನ್ನು ಟರೆಟ್ ಕಳಚಿ, ಟಾರ್ಪಾಲಿನ್ ಹೊದಿಸಿ, ಗುಟ್ಟಾಗಿ ಕಾಶ್ಮೀರದ ಆ ಕಣಿವೆಯ ಬುಡಕ್ಕೆ ಸಾಗಿಸಿದರು. ನಮ್ಮ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್‌ನವರು ಹೇಸರಗತ್ತೆಗಳ ದಾರಿಯನ್ನು ಟ್ಯಾಂಕು ಏರುವಂತೆ ಅಗಲ ಮಾಡಿಕೊಟ್ಟರು. ನವೆಂಬರ್ 1ರಂದು, ಸುಮಾರು 11,500 ಅಡಿ ಎತ್ತರದಲ್ಲಿ, ಮೇಲೆ ಕಾವಲು ಕೂತಿದ್ದ ಶತ್ರುಗಳ ಎದುರು ಟ್ಯಾಂಕುಗಳು ಪ್ರತ್ಯಕ್ಷವಾದವು. ಆ ಕಾರ್ಯಾಚರಣೆಯ ನಾಯಕ ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯನವರು; ಜನರಲ್ ಅಂತ ಹಿಂದೆ ಉಳಿಯದೆ ತಾವೂ ಟ್ಯಾಂಕು ಹತ್ತಿ ಹೊರಟವರು. ನನ್ನ ಟರೆಟ್ ಕೂಡ ಬಹಳ ಕಾಲ ಕಳಚಿಯೇ ಇತ್ತು, ಟವೆಲ್ ಹೊದ್ದುಕೊಂಡು. ಶತ್ರುವಿನ ಕಣ್ಣಿಗೆ ಬಿದ್ದೀತೆಂದಲ್ಲ, ಪೊರಕೆಗೆ ಸಿಕ್ಕೀತೆಂದು.

ಮುಗಿದ ಟ್ಯಾಂಕನ್ನು ಎಲ್ಲಿಡುವುದು ಎಂಬ ಚರ್ಚೆ ಮನೆಯಲ್ಲಿ ನಡೆದೇ ಇತ್ತು. ನವರಾತ್ರಿ ಬಂತು, ಅಮ್ಮ ಯಾರನ್ನೂ ಕೇಳದೆ ಅದನ್ನು ಗೊಂಬೆ ಹಬ್ಬದ ಮೆಟ್ಟಿಲ ಮೇಲೆ, ಅಂಬಾರಿ ಆನೆಯ ಮುಂದೆ ನಿಲ್ಲಿಸಿದರು. ಪಟ್ಟದ ರಾಜ ರಾಣಿಗೂ ಆಕ್ಷೇಪವಿದ್ದಂತೆ ಕಾಣಲಿಲ್ಲ.

ಆರತಿಗೆ ಬಂದ ಚಿಕ್ಕಮ್ಮ ಕಣ್ಣು ಕಿರಿದು ಮಾಡಿ, "ಇದೇನಕ್ಕ, ರೋಡ್ ರೋಲರ್ರಾ?" ಅಂದರು.

"ತಿಮ್ಮಯ್ಯನವರ ಟ್ಯಾಂಕು ಕಣೇ. ಆ ಮುಚ್ಚಳ ತೆಗೆದು ನೋಡು, ನಿನ್ನ ಮಗಳ ಲಗ್ನಪತ್ರಿಕೆ ಇದೆ."

ಚಿಕ್ಕಮ್ಮ ಕನ್ನಡಕ ಏರಿಸಿ ಒಳಗೆ ಇಣುಕಿದರು. ಬಹಳ ಹೊತ್ತು ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲೋ, ಅಳಿಯಂದಿರ ಬಿ.ಇ. ಕತ್ತರಿಸಿಬಿಟ್ಟಿದ್ದೀಯಲ್ಲೋ!" ಅಂದರು.